ದೂರವಳೆದು ನೆಲೆಯರಿಯುವ ಬಗೆ

ಮಳೆಗಾಲದಲ್ಲಿ ಕೊಪ್ಪದಿಂದ ಶೃಂಗೇರಿಗೆ ಹೊರಟವರಿಗೆ ಮಂಜು ಕವಿದರೆ ಎದುರಿನ ಗುಡ್ಡವೂ ಕಾಣದು. ಆದರೂ ಕಿಸೆಯಲ್ಲಿನ ಮೊಬೈಲು ನೀವು ನಿಂತ ತಾಣವನ್ನು ನಕ್ಷೆಯಲ್ಲಿ ತೋರಿಸುತ್ತದೆ. ಇದೆಂತು ಸಾಧ್ಯ?

ಒಂದು ನಕ್ಷೆಯನ್ನು ಹರಡಿಕೊಳ್ಳಿರಿ. ಹಕ್ಕಿ ಹಾರುವ ನೇರದಲ್ಲಿ ಕೊಪ್ಪಕ್ಕೂ ನಿಮಗೂ ಇರುವ ದೂರ ತಿಳಿದರೆ, ಕೊಪ್ಪವನ್ನು ಕೇಂದ್ರವಾಗಿಟ್ಟು ಎಳೆದ ವೃತ್ತದ ಮೇಲೆ ಎಲ್ಲಿಯೋ ಇದ್ದೀರೆಂದಷ್ಟೇ ಹೇಳಬಹುದು. ಶೃಂಗೇರಿಯ ದೂರವೂ ತಿಳಿದರೆ ಎರಡು ವೃತ್ತಗಳು ಎರಡೆಡೆ ಸಂಧಿಸುತ್ತವೆ. ನರಸಿಂಹರಾಜಪುರದ ದೂರವೂ ಸಿಕ್ಕಿತೆಂದರೆ ಅವೆರಡರಲ್ಲಿ ಒಂದೇ ಉಳಿಯುತ್ತದೆ. ಅದೇ ನಿಮ್ಮ ನೆಲೆ.

ಅಳತೆಯಿಂದ ನೆಲೆ ಗೊತ್ತುಮಾಡುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಸರಪಣಿಯಿಂದ ಆಧಾರರೇಖೆಯೊಂದನ್ನು ಅಳೆಸಿದನು. ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನಳೆದು, ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆದನು. ಹಳೆಯ ನಕ್ಷೆಗಳು ದಕ್ಷಿಣ ಭಾರತದ ಅಗಲವನ್ನು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದುವೆಂಬುದು ಆಗ ತಿಳಿದುಬಂತು.

ಇಂದು ಬೆಟ್ಟಗಳ ಸ್ಥಾನದಲ್ಲಿ ಉಪಗ್ರಹಗಳಿವೆ; ಸರಪಣಿಯ ಸ್ಥಾನದಲ್ಲಿ ಗಡಿಯಾರವಿದೆ. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಾನವನ್ನೂ ಹೊತ್ತನ್ನೂ ಸಾರುತ್ತಿರುತ್ತದೆ. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯಂತೆ ಮೊಬೈಲು ಅದನ್ನು ಕೇಳುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಹೇಳದು. ಸಂಕೇತವು ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಬೆಳಕಾದರೋ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪೀತು! ಅದಕ್ಕಾಗಿಯೇ ಉಪಗ್ರಹದಲ್ಲಿ ಪರಮಾಣು ಗಡಿಯಾರವಿರುತ್ತದೆ. ಮೊಬೈಲಿನ ಸಾಧಾರಣ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹವೂ ಬೇಕು.

ಆದರೆ ಆ ಗಡಿಯಾರ ಯಾರದು? ಅಮೆರಿಕವು ತನ್ನ ಜಿ.ಪಿ.ಎಸ್. ವ್ಯವಸ್ಥೆಯಲ್ಲಿ ಜನಸಾಮಾನ್ಯರ ಸಂಕೇತಕ್ಕೆ 2000ದ ಮೇ ತಿಂಗಳವರೆಗೆ ಬೇಕೆಂದೇ ತಪ್ಪನ್ನು ಬೆರೆಸುತ್ತಿತ್ತು. ಕೊಟ್ಟವರ ಕೈಯಲ್ಲೇ ಕೀಲಿಕೈ! ಭಾರತವು ತನ್ನದೇ ಆದ ‘ನಾವಿಕ್’ ವ್ಯವಸ್ಥೆಯನ್ನು ಕಟ್ಟಿತು. 2013ರಲ್ಲಿ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಅದರ ಕೇಂದ್ರ ತೆರೆಯಿತು. ಅದೇ ವರ್ಷ ಮೊದಲ ಉಪಗ್ರಹವೂ ಮೇಲೇರಿತು. ಅದರೊಳಗಿನ ಹೊರನಾಡಿನ ಗಡಿಯಾರಗಳು ಕೆಟ್ಟುವು. ಛಲ ಬಿಡದೆ ನಮ್ಮವರು ಸ್ವಂತ ರುಬಿಡಿಯಂ ಗಡಿಯಾರವನ್ನು ರಚಿಸಿ, 2023ರ ಮೇ 29ರಂದು ಬಾನಿಗೇರಿಸಿದರು.

ಇನ್ನೊಮ್ಮೆ ಮಲೆನಾಡಿನ ದಟ್ಟ ಮರಗಳಡಿ ನಿಮ್ಮ ಮೊಬೈಲು ದಾರಿ ತೋರಲು ತಡವರಿಸಿದರೆ ಬೇಸರಿಸದಿರಿ. ಸ್ವಲ್ಪ ಬಯಲಿಗೆ ಬನ್ನಿರಿ. ಅದು ಬಾನಿನಲ್ಲಿ ನಾಲ್ಕು ಗಡಿಯಾರಗಳ ದನಿಯನ್ನು ಅರಸುತ್ತಿರುತ್ತದೆ.