ಶಾಲೆಯ ಶಿಸ್ತು: ಬೆತ್ತಕ್ಕಿಂತ ದೊಡ್ಡ ಪ್ರಶ್ನೆ

‘ಶಿಕ್ಷೆ’ ಮತ್ತು ‘ಶಿಕ್ಷಣ’ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ಮಾತು ಉತ್ತರ ಕರ್ನಾಟಕದ ಶಾಲೆಗಳಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಏಟು ಬೀಳದೆ ಅಕ್ಷರ ಹತ್ತದು ಎಂಬ ಈ ನಂಬಿಕೆಯನ್ನು ಇಂದು ಕಾಯ್ದೆಯೇ ತಳ್ಳಿಹಾಕಿದೆ. ಆದರೆ ಶಾಲಾ ಶಿಸ್ತಿನ ಚರಿತ್ರೆ ಬರಿಯ ಬೆತ್ತದ ಚರಿತ್ರೆಯಲ್ಲ. ಶಾಲೆಯ ನಿಯಮ ಎಲ್ಲ ಮಕ್ಕಳಿಗೂ ಒಂದೇ ಆಗಿತ್ತೇ ಎಂಬುದು ಅದರೊಳಗಿನ ದೊಡ್ಡ ಪ್ರಶ್ನೆ.

ಕಾರವಾರ ಮತ್ತು ಅಂಕೋಲೆಯ ನಡುವಿನ ಹಟ್ಟಿಕೇರಿಯಂಥ ಊರುಗಳು ಮೂರು ಆಡಳಿತಗಳ ಕೈ ದಾಟಿ ಬಂದಿವೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಕಂಪನಿಯ ವಶವಾಗಿ ಮದರಾಸು ಪ್ರಾಂತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ಏಕೀಕರಣದೊಂದಿಗೆ ಕನ್ನಡ ರಾಜ್ಯದ ಭಾಗವಾಯಿತು.

ಸರಕಾರಿ ಶಾಲೆಗಳಿಗೆ ಮೊದಲು ಕನ್ನಡ ನಾಡಿನಲ್ಲಿದ್ದುದು ಕೂಲಿಮಠ, ಗಾಂವಠಿ ಶಾಲೆಗಳು. ಮರಳ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು ಅಲ್ಲಿನ ಪಾಠ. ತಪ್ಪಿದವನಿಗೆ ಬಸ್ಕಿ, ಬೆತ್ತ, ಅದಕ್ಕೂ ಬಗ್ಗದವನಿಗೆ ಕೋದಂಡ. ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಡುವ ಶಿಕ್ಷೆಯಿದು. ಎಷ್ಟು ಹೊತ್ತು, ಯಾವ ತಪ್ಪಿಗೆ ಎಂಬುದಕ್ಕೆ ಬರೆದಿಟ್ಟ ಲೆಕ್ಕವಿರಲಿಲ್ಲ; ಅಯ್ಯನ ಕೋಪವೇ ಕಾನೂನು. ಕೆನರಾದ ಮೊದಲ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ, ಮದರಾಸಿನ ಗವರ್ನರ್ ಆದ ಮೇಲೆ 1822ರಲ್ಲಿ ಪ್ರಾಂತದ ಶಾಲೆಗಳ ಗಣತಿ ಮಾಡಿಸಿದ. ಸ್ವಾರಸ್ಯವೆಂದರೆ, ಪಟ್ಟಿ ತುಂಬುವುದು ವ್ಯರ್ಥ ಶ್ರಮವೆಂದು ಕೆನರಾದಿಂದಲೇ ಉತ್ತರ ಹೋಯಿತು.

ಶಿಕ್ಷೆಗೂ ವಿಚಾರಣೆ ಬೇಕೆಂಬ ಯೋಚನೆ ಅದೇ ಪ್ರಾಂತದಲ್ಲಿ ಆಗಲೇ ಮೊಳೆತಿತ್ತು. ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಆಂಡ್ರ್ಯೂ ಬೆಲ್ ತಪ್ಪುಗಳನ್ನು ‘ಕಪ್ಪು ಪುಸ್ತಕ’ದಲ್ಲಿ ಬರೆಸಿ, ವಾರಕ್ಕೊಮ್ಮೆ ಎಲ್ಲರೆದುರು ಓದಿಸಿ, ಹುಡುಗರದೇ ಪಂಚಾಯತಿಯಿಂದ ತೀರ್ಪು ಹೇಳಿಸುತ್ತಿದ್ದ. 1797ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ಈ ಪದ್ಧತಿ ಇಂಗ್ಲೆಂಡಿಗೂ ಪರಿಚಯವಾಯಿತು.

ಆದರೆ ಶಾಲೆಯ ಒಳಗಿದ್ದವರಿಗಷ್ಟೇ ಈ ನ್ಯಾಯ. ಹೊಸ್ತಿಲಾಚೆ ನಿಂತವನ ಪ್ರಶ್ನೆ ಎದ್ದುದು ಧಾರವಾಡದಲ್ಲಿ. 1856ರ ಜೂನ್‌ನಲ್ಲಿ ಅಲ್ಲಿನ ಸರಕಾರಿ ಶಾಲೆಗೆ ಪ್ರವೇಶ ನಿರಾಕರಿಸಲ್ಪಟ್ಟ ಮಹಾರ್ ಬಾಲಕನೊಬ್ಬನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ತತ್ತ್ವದಲ್ಲಿ ಹುಡುಗನ ಕಡೆಗೇ ನ್ಯಾಯವಿದೆಯೆಂದು ಸರಕಾರ ಒಪ್ಪಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂದು ಅವನನ್ನು ಹೊರಗೇ ಇಟ್ಟಿತು. ಶಾಲೆಯ ಸುವ್ಯವಸ್ಥೆಯ ಹೆಸರಿನಲ್ಲಿ, ಏನೂ ತಪ್ಪು ಮಾಡದವನಿಗೆ ಬಹಿಷ್ಕಾರದ ಶಿಕ್ಷೆ! ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದು 1858ರಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿ ಆದೇಶಿಸಿತು. 1882ರ ಹಂಟರ್ ಆಯೋಗ ಅದನ್ನೇ ಎತ್ತಿಹಿಡಿದರೂ, ಎಚ್ಚರಿಕೆಯಿಂದ ಜಾರಿಗೊಳಿಸಿ ಎಂದು ಸೇರಿಸಿತು. ಆ ‘ಎಚ್ಚರಿಕೆ’ಯ ಮರೆಯಲ್ಲಿ ಅನೇಕ ಊರುಗಳ ದಲಿತ ಮಕ್ಕಳು ದಶಕಗಳ ಕಾಲ ಜಗುಲಿಯಲ್ಲೇ ಕುಳಿತು ಪಾಠ ಕೇಳಬೇಕಾಯಿತು. ಕಾಗದದ ಮೇಲೆ ನಿಯಮ ಒಂದೇ. ಕೂರುವ ಜಾಗ ಮಾತ್ರ ಬೇರೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೇ ಕಲಮು. ಹಾಗಿದ್ದೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಬೆಳಕಿಗೆ ಬಂತು. ಕೋದಂಡದ ಹಗ್ಗ ಕಳಚಿದರೂ, ಯಾವ ಕೆಲಸಕ್ಕೆ ಯಾವ ಮಗು ಎಂಬ ಹಳೆಯ ಲೆಕ್ಕ ಅಳಿದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಆದರೂ ಒಂದು ವ್ಯತ್ಯಾಸವಿದೆ. ಧಾರವಾಡದ ಬಾಲಕನ ಪ್ರಶ್ನೆಗೆ ಲಂಡನ್ನಿನಿಂದ ಉತ್ತರ ಬರುವ ಹೊತ್ತಿಗೆ ಎರಡು ವರ್ಷ ಸಂದಿತ್ತು. ಇಂದು ಮಗುವಿನ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗವಿದೆ. ಈ ಬಾಗಿಲು ಇದೆಯೆಂಬುದು ಹಟ್ಟಿಕೇರಿಯ ಪಾಲಕರಿಗೂ ಮಾಲೂರಿನ ಪಾಲಕರಿಗೂ ಸಮನಾಗಿ ತಿಳಿದಾಗಲೇ ನಿಯಮಕ್ಕೆ ಅರ್ಥ ಬರುತ್ತದೆ.