ವಾಸ್ತುಶಿಲ್ಪಿ ಎಂಬ ಹೆಸರು

ದೆಹಲಿಯ ಕನ್ನಡಿಗರಲ್ಲಿ ಮಂಡಿ ಹೌಸ್ ಸಮೀಪದ ರವೀಂದ್ರ ಭವನಕ್ಕೆ ಹೋಗದ ಸಾಹಿತ್ಯಾಸಕ್ತರು ವಿರಳ. ಸಾಹಿತ್ಯ ಅಕಾಡೆಮಿಯ ಗೋಷ್ಠಿಗೋ ಪುಸ್ತಕಕ್ಕೋ ಅಲ್ಲಿಗೆ ಹೋಗುತ್ತೇವೆ. ಅಲ್ಲಿನ ಪ್ರತಿ ಪುಸ್ತಕದ ಮೇಲೂ ಕರ್ತೃವಿನ ಹೆಸರಿದೆ. ಆ ಭವನದ ಕರ್ತೃ ಯಾರೆಂದು ಕೇಳಿದರೆ ಮಾತ್ರ ನಮ್ಮಲ್ಲಿ ಬಹುತೇಕರು ಮೌನವಾಗುತ್ತೇವೆ. 1961ರ ಆ ಕಟ್ಟಡವನ್ನು ರೂಪಿಸಿದವರು ಕೇಂದ್ರ ಲೋಕೋಪಯೋಗಿ ಇಲಾಖೆಯ ಹಬೀಬ್ ರಹಮಾನ್.

ನಮ್ಮ ಪರಂಪರೆ ಇಷ್ಟು ಮರೆಗುಳಿಯಾಗಿರಲಿಲ್ಲ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕಂಡರಿಸಿ ಹೋಗಿದ್ದಾರೆ. ಬ್ರಿಟಿಷರ ಲೋಕೋಪಯೋಗಿ ವ್ಯವಸ್ಥೆಯಲ್ಲಿ ಕಟ್ಟಡವು ಇಲಾಖೆಯದಾಯಿತು. ಮುಖ್ಯ ವಿನ್ಯಾಸಕಾರನ ಹುದ್ದೆ ಇಂಗ್ಲೆಂಡಿನಿಂದ ಬಂದವರದಾಯಿತು. ಭಾರತೀಯರ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ನಕ್ಷೆ ಬರೆಯುವ ಸಹಾಯಕನ ಕೆಲಸ.

ಈ ಹಿನ್ನೆಲೆಯಲ್ಲಿ 1917ರ ಮೇ 12ರಂದು ಮುಂಬಯಿಯ ಜೆ.ಜೆ. ಕಲಾಶಾಲೆಯ ವಾಸ್ತುಶಿಲ್ಪ ವಿಭಾಗದ ಹಳೆಯ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿಕೊಂಡರು. ಅದರ ಹೆಸರು 'ಆರ್ಕಿಟೆಕ್ಚರಲ್ ಸ್ಟೂಡೆಂಟ್ಸ್ ಅಸೋಸಿಯೇಷನ್'. ಗೇಟ್‌ವೇ ಆಫ್ ಇಂಡಿಯಾವನ್ನು ವಿನ್ಯಾಸಗೊಳಿಸಿದ ಜಾರ್ಜ್ ವಿಟೆಟ್ ಮೊದಲ ಅಧ್ಯಕ್ಷ. 1922ರಲ್ಲಿ ಅದು 'ಬಾಂಬೆ ಆರ್ಕಿಟೆಕ್ಚರಲ್ ಅಸೋಸಿಯೇಷನ್' ಆಯಿತು. 1929ರ ಸೆಪ್ಟೆಂಬರಿನಲ್ಲಿ 'ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್'. ವಿದ್ಯಾರ್ಥಿಗಳು, ನಗರ, ದೇಶ: ಈ ಮೂರು ಹೆಸರುಗಳಲ್ಲಿ ಸಂಘದ ಬೆಳವಣಿಗೆ ಅಡಗಿದೆ. ಅದೇ ಹೊತ್ತಿಗೆ ರೈಸೀನಾ ಗುಡ್ಡದ ಮೇಲೆ ಲುಟ್ಯೆನ್ಸ್ ಮತ್ತು ಬೇಕರ್ ಹೊಸ ರಾಜಧಾನಿಯನ್ನು ಕಟ್ಟಿ ಮುಗಿಸುತ್ತಿದ್ದರು. 1931ರಲ್ಲಿ ಅದರ ಉದ್ಘಾಟನೆಯಾಯಿತು.

ಸ್ವಾತಂತ್ರ್ಯಾನಂತರ ಈ ವೃತ್ತಿಯ ಗುರುತ್ವಕೇಂದ್ರ ಕ್ರಮೇಣ ದೆಹಲಿಯತ್ತ ಸರಿಯಿತು. ಸರ್ಕಾರವೇ ಅತಿದೊಡ್ಡ ನಿರ್ಮಾಪಕನಾಗಿದ್ದ ಕಾಲವದು. ಗಣೇಶ ಭಿಕಾಜಿ ದೇವಳಾಲಿಕರ್ ರೂಪಿಸಿದ ಸರ್ವೋಚ್ಚ ನ್ಯಾಯಾಲಯದ ಕಟ್ಟಡ 1958ರಲ್ಲಿ ಸಿದ್ಧವಾಯಿತು. ಮರುವರ್ಷ ಅಚ್ಯುತ ಕಾನ್ವಿಂದೆಯವರ ಮುಂದಾಳುತನದಲ್ಲಿ ಲಲಿತ ಕಲಾ ಅಕಾಡೆಮಿ ವಾಸ್ತುಶಿಲ್ಪ ವಿಚಾರಸಂಕಿರಣವನ್ನು ಏರ್ಪಡಿಸಿತು. ಅದನ್ನು ಉದ್ಘಾಟಿಸಿದವರು ಪ್ರಧಾನಿ ನೆಹರೂ. 1941ರಲ್ಲಿ ದೆಹಲಿ ಪಾಲಿಟೆಕ್ನಿಕ್ಕಿನ ವಿಭಾಗವಾಗಿ ಆರಂಭಗೊಂಡಿದ್ದ ವಾಸ್ತುಶಿಲ್ಪ ಶಿಕ್ಷಣವೂ ಅದೇ 1959ರಲ್ಲಿ 'ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್' ಎಂಬ ಸ್ವತಂತ್ರ ನೆಲೆ ಪಡೆಯಿತು. ಮುಂಬಯಿಯ ಸಂಸ್ಥೆಗೆ ದೆಹಲಿಯ ಸುತ್ತ ಒಂದು ಉತ್ತರ ಶಾಖೆಯೂ ಬೆಳೆಯಿತು.

ಆದರೆ ಒಂದು ಪ್ರಶ್ನೆ ಬಗೆಹರಿದಿರಲಿಲ್ಲ: ವಾಸ್ತುಶಿಲ್ಪಿ ಯಾರು? ವೈದ್ಯನಿಗೂ ವಕೀಲನಿಗೂ ಇದ್ದಂತೆ ಇವರಿಗೆ ಕಾನೂನಿನ ನೋಂದಣಿ ಇರಲಿಲ್ಲ. ಬೇಕೆಂದವರು ಫಲಕ ತೂಗುಹಾಕಬಹುದಿತ್ತು. ಗಡಿರೇಖೆಯೇನೂ ಸರಳವಲ್ಲ. ನಮ್ಮ ವಿಧಾನಸೌಧವನ್ನು ರೂಪಿಸಿದ ಬಿ.ಆರ್. ಮಾಣಿಕಂ ಎಂಜಿನಿಯರೂ ಹೌದು, ವಾಸ್ತುಶಿಲ್ಪಿಯೂ ಹೌದು. ಕೊನೆಗೆ 1972ರಲ್ಲಿ ಸಂಸತ್ತು ವಾಸ್ತುಶಿಲ್ಪಿಗಳ ಅಧಿನಿಯಮವನ್ನು ಅಂಗೀಕರಿಸಿತು. ಅದರಂತೆ ರಚನೆಯಾದ ವಾಸ್ತುಶಿಲ್ಪ ಪರಿಷತ್ತಿಗೆ ಐವರು ಸದಸ್ಯರನ್ನು ಚುನಾಯಿಸಿ ಕಳಿಸುವ ಅಧಿಕಾರ ಆ ಹಳೆಯ ವಿದ್ಯಾರ್ಥಿ ಸಂಘಕ್ಕೆ ದೊರೆಯಿತು. ಪದವಿ ಇಲ್ಲದೆ ಐದು ವರ್ಷಗಳಿಂದ ವೃತ್ತಿಯಲ್ಲಿದ್ದವರಿಗೂ ಆರಂಭದಲ್ಲಿ ನೋಂದಣಿಯ ಬಾಗಿಲು ತೆರೆದಿತ್ತು. ನೋಂದಣಿಯಿಲ್ಲದೆ ಆ ಹೆಸರನ್ನು ಬಳಸುವುದನ್ನು 37ನೆಯ ಕಲಂ ನಿಷೇಧಿಸಿತು.

ಆ ಕಲಂ ಕಾಯುವುದು ಹೆಸರನ್ನೋ, ಕೆಲಸವನ್ನೋ? ಈ ಸಂದೇಹಕ್ಕೆ ಉತ್ತರ ದೊರೆತದ್ದು ನಮ್ಮ ನೆರೆಯ ನೋಯ್ಡಾದ ಪ್ರಕರಣವೊಂದರಲ್ಲಿ. ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ 'ಅಸೋಸಿಯೇಟ್ ಆರ್ಕಿಟೆಕ್ಟ್' ಹುದ್ದೆಯ ಬಗೆಗಿನ ವಿವಾದ ದೇವಳಾಲಿಕರ್ ಕಟ್ಟಿದ ನ್ಯಾಯಾಲಯದವರೆಗೆ ಬಂತು. 2020ರ ಮಾರ್ಚ್ 17ರ ತೀರ್ಪು ಹೇಳಿದ್ದಿಷ್ಟು: ಕಾನೂನು ನಿರ್ಬಂಧಿಸುವುದು ಹೆಸರಿನ ಬಳಕೆಯನ್ನು, ವಿನ್ಯಾಸದ ಕೆಲಸವನ್ನಲ್ಲ. ನೋಂದಾಯಿತರಲ್ಲದವರು ಆ ಕೆಲಸ ಮಾಡಬಹುದು. ಆ ಹೆಸರಿನ ಹುದ್ದೆಯಲ್ಲಿ ಕೂರುವಂತಿಲ್ಲ. ನೂರು ವರ್ಷಗಳ ಪ್ರಯತ್ನಕ್ಕೆ ದೊರೆತದ್ದು ಬರಿಯ ಹೆಸರೇ ಎಂದು ವೃತ್ತಿಯವರಿಗೆ ಬೇಸರವಾಗಿದ್ದರೆ ಅದು ಸಹಜ.

ಬರಿಯ ಹೆಸರು ಎನ್ನಲು ನನಗೆ ಮನಸ್ಸಾಗದು. ನೋಯ್ಡಾ, ಗ್ರೇಟರ್ ನೋಯ್ಡಾಗಳಲ್ಲಿ ಹಣ ಕಟ್ಟಿ ಮನೆಗಾಗಿ ವರ್ಷಗಟ್ಟಲೆ ಕಾದವರಲ್ಲಿ ನಮ್ಮವರೂ ಇದ್ದಾರೆ. ಇಂಥವರ ಸಂಕಟದ ಹಿನ್ನೆಲೆಯಲ್ಲಿ ಬಂದ 2016ರ ರೇರಾ ಕಾಯಿದೆಯ ಪ್ರಕಾರ, ಖರೀದಿದಾರರಿಂದ ಪಡೆದ ಹಣದ 70 ಶೇಕಡ ಪ್ರತ್ಯೇಕ ಖಾತೆಯಲ್ಲಿರಬೇಕು. ಕೆಲಸ ಎಷ್ಟು ಮುಗಿದಿದೆಯೆಂದು ಎಂಜಿನಿಯರ್, ಲೆಕ್ಕಪರಿಶೋಧಕ ಮತ್ತು ವಾಸ್ತುಶಿಲ್ಪಿ ದೃಢೀಕರಿಸಿದ ಮೇಲಷ್ಟೇ ಬಿಲ್ಡರು ಅದನ್ನು ತೆಗೆಯಬಹುದು. ವಾಸ್ತುಶಿಲ್ಪಿ ಎಂದರೆ 1972ರ ಅಧಿನಿಯಮದಡಿ ನೋಂದಾಯಿತನಾದವನು ಎಂದು ಆ ಕಾಯಿದೆಯೇ ಅರ್ಥ ಹೇಳಿದೆ.

1917ರ ಯುವಕರು ಬಯಸಿದ ಹೆಸರು ಗೌರವದ್ದು. ಇಂದು ಅದೇ ಹೆಸರಿನ ಕೆಳಗೆ ಬೀಳುವ ಸಹಿಯನ್ನು ನಂಬಿ ಒಂದು ಸಂಸಾರದ ಜೀವಮಾನದ ಉಳಿತಾಯ ನಿಂತಿರುತ್ತದೆ. ವೃತ್ತಿಸಂಘವೊಂದು ತನ್ನ ಸದಸ್ಯರ ಹಕ್ಕಿಗಾಗಿ ಹುಟ್ಟುತ್ತದೆ, ಸರಿ. ಅದು ಬೆಳೆದಿದೆಯೇ ಎಂಬುದನ್ನು ಸದಸ್ಯರಲ್ಲದವರು ಅದನ್ನು ಎಷ್ಟು ನಂಬಬಹುದು ಎಂಬುದರಿಂದ ಅಳೆಯಬೇಕು. ದಾಸೋಜನೂ ಹೆಸರು ಕೆತ್ತಿದ್ದು ಕೀರ್ತಿಗಾಗಿಯೇ ಇರಬಹುದು. ಆದರೆ ಕೆಲಸ ಕೆಟ್ಟಿದ್ದರೆ ಯಾರನ್ನು ಕೇಳಬೇಕೆಂಬುದೂ ಆ ಕಲ್ಲಿನಲ್ಲೇ ಬರೆದಿತ್ತು.