ಎಲ್ಲಾ ಸ್ಟೇಷನ್ನಿಗೂ ಶಂಕರ್‌ನಾಗ್ ಸಿಗಲ್ಲ

ವಿಜಯಪುರ ಜಿಲ್ಲೆಯ ಸಾರವಾಡದಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಅಲ್ಲಿಯವರಿಗೆ ರೈಲು ಅಂದ್ರೆ ಬಸ್ ಹಿಡಿದು ವಿಜಯಪುರಕ್ಕೆ ಹೋಗಿ ಹತ್ತಬೇಕಾದ ಗಾಡಿ. ಹಳ್ಳಿಗೊಂದು ಸ್ಟೇಷನ್ ಇರೋದರ ಬೆಲೆ ಇಂಥ ಊರಿನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಇವತ್ತು, ಬಾಗಿಲು ಮುಚ್ಚಿ ಮತ್ತೆ ಬಾಗಿಲು ತೆರೆದ ಒಂದು ಸ್ಟೇಷನ್ ಕಥೆ ಹೇಳ್ತೀನಿ ಕೇಳಿ.

ಊರು ಅರಸಾಳು. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲೂಕು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮಲೆನಾಡಿನ ಕಾಡಿನೊಳಗೆ ಹಂತಹಂತವಾಗಿ ಹಳಿ ಹಾಕುತ್ತಾ ಹೋದರು. 1940ರ ಹೊತ್ತಿಗೆ ಸಾಗರ ದಾಟಿ ತಾಳಗುಪ್ಪ ಮುಟ್ಟಿತು. ಹಳಿಗಳ ನಡುವೆ ಒಂದೇ ಒಂದು ಮೀಟರ್ ಅಗಲ. ಆ ಮೀಟರ್ ಗೇಜ್ ದಾರಿಯ ಸಣ್ಣ ಹೆಂಚಿನ ಸ್ಟೇಷನ್ನೇ ಅರಸಾಳು.

1980ರ ದಶಕದಲ್ಲಿ ಅಲ್ಲಿಗೆ ಶಂಕರ್‌ನಾಗ್ ಕ್ಯಾಮೆರಾ ಹಿಡಿದು ಬಂದರು. ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಆಗುಂಬೆ ಊರಾಯಿತು, ಅರಸಾಳು ಸ್ಟೇಷನ್ ಆಯಿತು. ವಿಚಿತ್ರ ನೋಡಿ, ಆರ್.ಕೆ. ನಾರಾಯಣ್ 1930ರಲ್ಲಿ ಮಾಲ್ಗುಡಿಯನ್ನು ಕಲ್ಪಿಸಿಕೊಂಡಾಗ ಅವರ ಮನಸ್ಸಿಗೆ ಮೊದಲು ಬಂದದ್ದೇ ಒಂದು ಪುಟ್ಟ ರೈಲ್ವೆ ಸ್ಟೇಷನ್!

ಆಮೇಲೆ ಏನಾಯ್ತು? ದಾರಿ ಸೊರಗಿತು. ಒಂದು ಕಾಲಕ್ಕೆ ರೈಲಿನ ಬದಲು ರೈಲ್‌ಬಸ್ ಓಡಿಸಿದರು. ಕೊನೆಗೆ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದರು. 2011ರಲ್ಲಿ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು. ಒಳ್ಳೇದೇ ಆಯ್ತು. ಆದರೆ ಅರಸಾಳಿನ ಹಳೇ ಕಟ್ಟಡ ಯಾರಿಗೂ ಬೇಡವಾಗಿ ಮೂಲೆಗೆ ಬಿತ್ತು.

ಅದನ್ನು ಉಳಿಸಿದ್ದು ಟಿವಿ. ಧಾರಾವಾಹಿಗೆ ಕೆಲಸ ಮಾಡಿದ್ದ ಕಲಾವಿದ ಜಾನ್ ದೇವರಾಜ್ ಕೈಯಲ್ಲೇ ಕಟ್ಟಡ ದುರಸ್ತಿಯಾಗಿ, 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಯಿತು. ಸಂತೋಷ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಇಲ್ಲದ ಊರಿನ ಹೆಸರಲ್ಲಿ ಇರುವ ಊರಿನ ಕಟ್ಟಡ ಉಳೀತು. ಹಾಗಾದ್ರೆ ಅದೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟವರು, ಮಳೆಯಲ್ಲಿ ಹಸಿರು ಬಾವುಟ ಬೀಸಿದವರು, ಮೂಟೆ ಹೊತ್ತವರು? ಅವರ ಕಥೆ ಯಾವ ಮ್ಯೂಸಿಯಂನಲ್ಲಿದೆ?

ಇದು ಮಲೆನಾಡಿನ ಮಾತಷ್ಟೇ ಅಲ್ಲ. 1876-78ರ ಭೀಕರ ಬರಗಾಲದ ಬೆನ್ನಿಗೇ, 1884ರಲ್ಲಿ ವಿಜಯಪುರದ ಮೇಲೆ ಗದಗ-ಹೊಟಗಿ ರೈಲು ಶುರುವಾಯ್ತು. ಅದೂ ಮೀಟರ್ ಗೇಜೇ. ಅದೂ ಈಗ ಇಲ್ಲ, ಬ್ರಾಡ್ ಗೇಜ್ ಬಂದಿದೆ. ಆ ಚಿಕ್ಕ ಗಾಡಿಯಲ್ಲಿ ದುಡಿದವರು, ಓಡಾಡಿದವರು ನಿಮ್ಮ ಮನೆಯಲ್ಲೇ ಇರಬಹುದು. ಕೂರಿಸಿಕೊಂಡು ಮಾತಾಡಿಸಿ. ಹಳೇ ಟಿಕೆಟ್, ಹಳೇ ಫೋಟೊ ಸಿಕ್ಕರೆ ಎತ್ತಿಡಿ. ಅವರು ಹೇಳಿದ್ದನ್ನು ಬರೆದಿಡಿ.

ಯಾಕಂದ್ರೆ, ಎಲ್ಲಾ ಸ್ಟೇಷನ್ನಿಗೂ ಒಬ್ಬ ಶಂಕರ್‌ನಾಗ್ ಸಿಗಲ್ಲ.